ಹಳೆ ಜೀಪಿನ ಎಂಜಿನ್ ಇಳಿಸಿ, ಕಟ್ಟಿ, ಮತ್ತೆ ಕೂರಿಸುವುದು ಹೇಗೆ?

ತಿಂಗಳಿಗೆ ನಾಲ್ಕು ಜನರಾದರೂ ಕೇಳುವುದು ಇದನ್ನೇ. "ಹಳೆ ಕಮಾಂಡರ್ ತಗೊಂಡೀನ್ರಿ, ಹೊಗೆ ಬಿಡ್ತದ, ಮಿಸ್ತ್ರಿ ಬೋರಿಗೆ ಬಂದದ ಅಂತಾನ. ಮನ್ಯಾಗ ನಾವೇ ಮಾಡ್ಬಹುದೇನ್ರಿ?" ಬೀದರ್‌ನಿಂದ ಕೇಳುವವರ ಹತ್ತಿರ ಎಂಎಂ 540 ಇರುತ್ತದೆ. ಯಾದಗಿರಿಯವರದು ಮೇಜರ್. ಎಲ್ಲವೂ ಮಹೀಂದ್ರದ ಹಳೆ ಜೀಪುಗಳೇ. ಪ್ರಶ್ನೆ ಮಾತ್ರ ಒಂದೇ.

ಮಾಡಬಹುದು. ಎಲ್ಲವನ್ನೂ ಅಲ್ಲ. ಬೋರಿಂಗ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡುವುದು (ಬೋರಿಗೆ ಬಂದದ ಎನ್ನುವುದು ಇದಕ್ಕೇ), ಕ್ರ್ಯಾಂಕ್ ಗ್ರೈಂಡಿಂಗ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡವನ್ನು ಉಜ್ಜಿ ಸಮ ಮಾಡುವುದು, ಡೀಸೆಲ್ ಪಂಪಿನ ಕ್ಯಾಲಿಬ್ರೇಶನ್, ಅಂದರೆ ಅದು ಬಿಡುವ ಡೀಸೆಲ್ ಅಳತೆ ಸರಿಪಡಿಸುವುದು, ಇವು ಮಷಿನ್ ಇರುವವರ ಕೆಲಸ. ಬಿಚ್ಚುವುದು, ಅಳೆಯುವುದು, ತೊಳೆಯುವುದು, ಜೋಡಿಸುವುದು, ಕೂರಿಸುವುದು ನಿಮ್ಮಿಂದ ಆಗುತ್ತದೆ.

ಕೈ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮ ಕಲಬುರಗಿ ಕಡೆ ಎಂಜಿನ್ ಸುಮ್ನೆ ವಯಸ್ಸಾಗಿ ಸಾಯುವುದು ಕಡಿಮೆ. ಒಂದೋ ಧೂಳು ತಿಂದು ಸಾಯುತ್ತದೆ, ಇಲ್ಲವೇ ಸವಳು ನೀರು ಕುಡಿದು ಸಾಯುತ್ತದೆ. ಯಾವುದರಿಂದ ಸತ್ತಿತು ಎಂದು ಹುಡುಕದೆ ಹೊಸ ಪಿಸ್ಟನ್ ಹಾಕಿದರೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಕೆಲಸ ಮತ್ತೆ ಬರುತ್ತದೆ.

ಉದಾಹರಣೆಗೆ ಮಹೀಂದ್ರದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುವ) ಎಂಜಿನ್ ಇಟ್ಟುಕೊಂಡಿದ್ದೇನೆ. ಇದು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಎಂಜಿನ್ನಿನ ವಂಶದ್ದು. ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 101.6 ಮಿ.ಮೀ. ನಿಮ್ಮದು 2112 ಸಿಸಿ ಪೂಜೋ ಎಂಜಿನ್ ಆದರೂ ಕ್ರಮ ಇದೇ, ಅಳತೆಗಳು ಬೇರೆ. ನಿಮ್ಮ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್ ಪಕ್ಕದಲ್ಲಿರಲಿ. ಬೋಲ್ಟ್ ಎಷ್ಟು ಟೈಟ್, ಟ್ಯಾಪೆಟ್ ಗ್ಯಾಪ್ (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದಿ) ಎಷ್ಟು ಎನ್ನುವುದನ್ನು ಅದರಲ್ಲೇ ನೋಡಿ. ನೆನಪಿನಿಂದ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಬೇಕಾಗುವುದು

ಒಂದು ಟನ್ನಿನ ಚೈನ್ ಪುಲ್ಲಿ ಮತ್ತು ಗಟ್ಟಿ ಟ್ರೈಪಾಡ್. ಟಾರ್ಕ್ ರೆಂಚ್, ಅಂದರೆ ಬೋಲ್ಟ್ ಎಷ್ಟು ಬಲದಲ್ಲಿ ಟೈಟಾಯಿತು ಎಂದು ತೋರಿಸುವ ಪಾನಾ. ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ತಗಡುಗಳ ಕಟ್ಟು. ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಸಾಲ ತಂದರೂ ನಡೆಯುತ್ತದೆ. ಟಾರ್ಕ್ ರೆಂಚ್ ಮಾತ್ರ ಸ್ವಂತದ್ದಿರಲಿ. ಇದರ ಜೊತೆ ಖಾಲಿ ಡಬ್ಬಿಗಳು, ಮಾರ್ಕರ್ ಪೆನ್ನು, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು.

ಥೌ ಎನ್ನುವ ಮಾತು ಪದೇ ಪದೇ ಬರುತ್ತದೆ. ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗವೇ ಒಂದು ಥೌ. 40 ಥೌ ಸೇರಿದರೆ ಸುಮಾರು ಒಂದು ಮಿಲಿಮೀಟರ್.

ನೆಲದ ಬಗ್ಗೆ ಒಂದು ಮಾತು. ನಮ್ಮ ಮನೆಗಳ ಮುಂದೆ ಶಹಾಬಾದ್ ಪರಸಿ ಹಾಸಿರುತ್ತದೆ ಅಲ್ವಾ, ಅದರ ಮೇಲೆ ಟ್ರೈಪಾಡಿನ ಕಾಲು ನೇರವಾಗಿ ಊರಬೇಡಿ. ಎಂಜಿನ್ 200 ಕೆ.ಜಿ. ಮೀರುತ್ತದೆ. ಕೆಳಗೆ ಪೊಳ್ಳಿದ್ದರೆ ಪರಸಿ ಫಟ್ಟನೆ ಒಡೆದು ಟ್ರೈಪಾಡ್ ವಾಲುತ್ತದೆ. ಮೂರೂ ಕಾಲಿನ ಕೆಳಗೆ ದಪ್ಪ ಹಲಗೆ ಕೊಡಿ. ಕಾಲುಗಳು ಜಾರಿ ಅಗಲವಾಗದಂತೆ ಸುತ್ತ ಚೈನ್ ಕಟ್ಟಿ.

ಹಂತ 1: ನಿಜಕ್ಕೂ ಬೋರಿಗೆ ಬಂದಿದೆಯಾ?

ಹೊಗೆ ಬಂದ ಕೂಡಲೇ ಬೋರ್ ಎಂದು ತೀರ್ಮಾನಿಸಬೇಡಿ. ಕಪ್ಪು ಹೊಗೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ ಎನ್ನುವುದರ ಗುರುತು. ಏರ್ ಫಿಲ್ಟರ್, ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂತಿ), ಪಂಪ್ ನೋಡಿಸಿ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಪ್ಯಾಕಿಂಗ್, ಅಂದರೆ ಸಿಲಿಂಡರುಗಳ ಮೇಲೆ ಮುಚ್ಚುವ ಹೆಡ್ಡಿನ ಕೆಳಗಿನ ಸೀಲ್, ಹೋಗಿರಬಹುದು.

ಬಳಿಕ ಆಯಿಲ್ ಹಾಕುವ ಮುಚ್ಚಳ ತೆಗೆದು ಎಂಜಿನ್ ಓಡಿಸಿ. ಅಲ್ಲಿಂದ ಬುಸುಬುಸು ಗಾಳಿ ಬಂದರೆ ಅದು ಬ್ಯಾಕ್ ಕಂಪ್ರೆಷನ್. ಪಿಸ್ಟನ್ ಮೇಲಿನ ಗಾಳಿ ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ಕೆಳಗಿಳಿಯುತ್ತಿದೆ. ಡೀಸೆಲ್ ಗೇಜಿನಿಂದ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಅದುಮಿದ ಗಾಳಿಯ ಒತ್ತಡ) ನೋಡಿಸಿ. ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 350ರಿಂದ 450 ಪಿಎಸ್‌ಐ ಬರುತ್ತದೆ. ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ.

ಎಚ್ಚರ: ರಿಂಗ್ ಸವೆದಿದೆಯೇ ತಿಳಿಯಲು ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಕಂಪ್ರೆಷನ್ ಮತ್ತೆ ನೋಡುವ ಉಪಾಯ ಪೆಟ್ರೋಲ್ ಗಾಡಿಗೆ ಸರಿ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗವೇ ಚಿಕ್ಕದು. ಆಯಿಲ್ ಆ ಜಾಗ ತುಂಬಿ ಸುಳ್ಳು ಅಂಕಿ ತೋರಿಸುತ್ತದೆ. ಹೆಚ್ಚು ಬಿದ್ದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹಂತ 2: ಕಾಗದ, ಫೋಟೊ, ಆಮೇಲೆ ಪಾನಾ

ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಒಡಲು) ಮೇಲಿನ ಎಂಜಿನ್ ನಂಬರ್ ಒರೆಸಿ, ಆರ್‌ಸಿ ಜೊತೆ ಹೋಲಿಸಿ, ಫೋಟೊ ತೆಗೆಯಿರಿ. ಬೋರ್ ಮಾಡಿಸಿದರೆ ನಂಬರ್ ಬದಲಾಗುವುದಿಲ್ಲ. "ಹಳೆ ಬ್ಲಾಕ್ ಕೊಡ್ರಿ, ರೆಡಿ ಬ್ಲಾಕ್ ಒಯ್ಯಿರಿ" ಎಂದು ಹೇಳುವವರು ಸಿಗುತ್ತಾರೆ. ಒಪ್ಪಿದಿರೋ, ನಂಬರ್ ಬೇರೆಯಾಯಿತು. ಬೇರೆ ಎಂಜಿನ್ ಹಾಕುವುದಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಈ ನಂಬರ್ ತಪ್ಪಿದ್ದರೆ ಎಲ್ಲ ಕೆಲಸ ಅಲ್ಲೇ ನಿಲ್ಲುತ್ತದೆ.

ಪ್ರತಿ ಪೈಪು, ವೈರು, ಕೇಬಲ್ಲು ಬಿಚ್ಚುವ ಮೊದಲು ಫೋಟೊ ಇರಲಿ. ಬೋಲ್ಟ್‌ಗಳು ಆಯಾ ಭಾಗದ ಹೆಸರು ಬರೆದ ಚೀಲಕ್ಕೆ ಹೋಗಲಿ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಜೋಡಿಸುವ ದಿನ ಅಳು ಬರುತ್ತದೆ.

ಹಂತ 3: ಇಳಿಸುವುದು

ಬ್ಯಾಟರಿ ತೆಗೆಯಿರಿ. ನೀರು, ಆಯಿಲ್ ಬಸಿಯಿರಿ. ಬಾನೆಟ್, ರೇಡಿಯೇಟರ್, ಸೆಲ್ಫ್, ಡೈನಮೋ, ಸೈಲೆನ್ಸರ್ ಪೈಪು ಕಳಚಿ. ಡೀಸೆಲ್ ಪೈಪುಗಳ ಬಾಯಿಗೆ ಕೂಡಲೇ ಮುಚ್ಚಳ ಹಾಕಿ. ಪಂಪಿಗೆ ಒಂದು ಮರಳ ಕಣ ಹೋದರೂ ಸಾಕು, ಕೆಡುತ್ತದೆ.

ಗೇರ್‌ಬಾಕ್ಸ್ ಗಾಡಿಯಲ್ಲೇ ಉಳಿಯುವುದಾದರೆ ಅದರ ಕೆಳಗೆ ಜಾಕ್ ಕೊಡಿ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ, ಎಂಜಿನ್‌ಗೆ ಗೇರ್‌ಬಾಕ್ಸ್ ಕೂಡಿಸುವ ಕವಚ) ಬೋಲ್ಟ್ ಬಿಚ್ಚಿದ ಮೇಲೆ ಎಂಜಿನ್ನನ್ನು ಮೊದಲು ಮುಂದಕ್ಕೆ ಎಳೆದು, ಆಮೇಲೆ ಮೇಲೆತ್ತಿ. ಕ್ಲಚ್ ಪ್ಲೇಟಿನೊಳಗೆ ಗೇರ್‌ಬಾಕ್ಸಿನ ಶಾಫ್ಟ್ ಇರುವಾಗಲೇ ಎತ್ತಿದರೆ ಪ್ಲೇಟ್ ಬಾಗುತ್ತದೆ. ತೂಗುವ ಎಂಜಿನ್ ಕೆಳಗೆ ಕೈಕಾಲು ಹಾಕಬೇಡಿ. ಕೆಳಗೆ ಬಿದ್ದ ಪಾನಾ ಕೂಡ ಆಮೇಲೆ ತೆಗೆದರಾಯಿತು.

ಹಂತ 4: ಬಿಚ್ಚಿ ಓದುವುದು

ಇಲ್ಲಿ ಅವಸರ ಬೇಡ. ಎರಡು ಸಂಜೆ ಇದಕ್ಕೇ ಇಡಿ.

ಹೆಡ್ ತೆಗೆದ ಮೇಲೆ ಸಿಲಿಂಡರಿನ ಒಳಗೆ ಕೆಳಗಿನಿಂದ ಬಾಯಿಯ ಕಡೆ ಬೆರಳುಗುರು ಎಳೆದು ನೋಡಿ. ಬಾಯಿಗಿಂತ ಅರ್ಧ ಇಂಚಿನಷ್ಟು ಕೆಳಗೆ ಉಗುರು ಟಕ್ಕೆಂದು ಸಿಕ್ಕಿಕೊಂಡರೆ ಅಲ್ಲೊಂದು ಮೆಟ್ಟಿಲು ಬಿದ್ದಿದೆ. ಮೇಲಿನ ರಿಂಗ್ ಓಡಾಡುವ ಜಾಗ ಸವೆದು, ಅದರ ಮೇಲಿನ ಪಟ್ಟಿ ಹಾಗೇ ಉಳಿದಿರುತ್ತದೆ. ಬೋರಿನ ಮೇಲ್ಭಾಗ ಮತ್ತು ಮೇಲಿನ ರಿಂಗ್ ಮಾತ್ರ ಜಾಸ್ತಿ ಸವೆದಿದ್ದರೆ ಧೂಳು ಗಾಳಿಯ ದಾರಿಯಲ್ಲಿ ಬಂದಿದೆ. ಬೇರಿಂಗ್‌ಗಳಲ್ಲಿ ಗೀರು ಬಿದ್ದು ಕೆಳಗಿನ ಆಯಿಲ್ ರಿಂಗ್ ಜಾಸ್ತಿ ಸವೆದಿದ್ದರೆ ಹೊಲಸು ಆಯಿಲ್ ಮೂಲಕ ಬಂದಿದೆ.

ಧೂಳಿನ ಗುರುತು ಸಿಕ್ಕರೆ ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಒಳಗೆ ಬೆರಳಾಡಿಸಿ. ಬೆರಳಿಗೆ ಹಿಟ್ಟಿನಂಥ ಧೂಳು ಹತ್ತಿದರೆ ಕಳ್ಳ ಅಲ್ಲೇ ಇದ್ದಾನೆ. ಪೈಪು ಸೀಳಿರುತ್ತದೆ, ಇಲ್ಲವೇ ಕ್ಲಿಪ್ ಸಡಿಲಾಗಿರುತ್ತದೆ. ಸೇಡಂ, ವಾಡಿ ಕಡೆ ಸುಣ್ಣಕಲ್ಲಿನ ಧೂಳಿನಲ್ಲಿ ಓಡುವ ಗಾಡಿ, ಬೇಸಿಗೆಯಲ್ಲಿ ಎರೆ ಹೊಲದ ಬಂಡಿದಾರಿಯಲ್ಲಿ ಓಡುವ ಗಾಡಿ, ಎರಡಕ್ಕೂ ಇದೇ ಕಥೆ. ಆಯಿಲ್ ತುಂಬುವ ಹಳೆ ಏರ್ ಕ್ಲೀನರ್ ಇದ್ದರೆ ಅದರ ಬಟ್ಟಲು ನೋಡಿ. ಆಯಿಲ್ ಬದಲು ಕೆಸರಿದ್ದರೆ ಅದು ಫಿಲ್ಟರ್ ಕೆಲಸ ಬಿಟ್ಟು ಎಷ್ಟೋ ದಿನವಾಗಿದೆ.

ಈಗ ನೀರಿನ ಕಡೆ. ಬ್ಲಾಕಿನ ಬದಿಯಲ್ಲಿ ಬಟ್ಟಲಿನಂಥ ತಗಡಿನ ಮುಚ್ಚಳಗಳಿವೆ. ವೆಲ್ಚ್ ಪ್ಲಗ್ ಎನ್ನುತ್ತಾರೆ, ಡಮ್ಮಿ ಎನ್ನುವವರೂ ಇದ್ದಾರೆ. ಎಲ್ಲವನ್ನೂ ಕಿತ್ತು ಒಳಗೆ ಟಾರ್ಚ್ ಬಿಡಿ. ಹಿಂದಿನ, ಅಂದರೆ ನಾಲ್ಕನೇ ಸಿಲಿಂಡರ್ ಸುತ್ತ ಸ್ಕ್ರೂಡ್ರೈವರಿನಿಂದ ಕೆದಕಿ. ಬೋರ್‌ವೆಲ್ ನೀರು ಕುಡಿದ ಎಂಜಿನ್ ಆದರೆ ಮೊದಲು ತುಕ್ಕಿನ ಕೆಂಪು ರಾಡಿ ಬರುತ್ತದೆ. ಅದರ ಕೆಳಗೆ ಬೂದು ಬಣ್ಣದ ಗಟ್ಟಿ ಪದರ ಸಿಗುತ್ತದೆ. ಕುಟ್ಟಿದರೆ ಚಿಪ್ಪುಚಿಪ್ಪಾಗಿ ಏಳುತ್ತದೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣದಂತೆಯೇ. ಈ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ರೇಡಿಯೇಟರ್ ಹೊಸದಾದರೂ ಹಿಂದಿನ ಸಿಲಿಂಡರ್ ಕಾಯುತ್ತಲೇ ಇರುತ್ತದೆ. ಬ್ಲಾಕನ್ನು ಕೆಮಿಕಲ್ ವಾಶ್‌ಗೆ ಕೊಡಿ. ಪ್ಲಗ್ ತೆಗೆಯದೆ ವಾಶ್ ಮಾಡಿದರೆ ಹಣ ದಂಡ.

ಮೇನ್ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳ ಮೇಲೆ ನಂಬರ್ ಇದೆಯೇ ನೋಡಿ. ಇಲ್ಲದಿದ್ದರೆ ಬಿಚ್ಚುವ ಮೊದಲೇ ಪಂಚ್ ಹೊಡೆದು ಗುರುತು ಮಾಡಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕುವಂತಿಲ್ಲ.

ಹಂತ 5: ಅಳತೆ, ಆಮೇಲೆ ಮಷಿನ್ ಶಾಪ್

ಬೋರನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಪ್ರತಿ ಕಡೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಕ್ರ್ಯಾಂಕಿನ ಜರ್ನಲ್‌ಗಳನ್ನೂ ಹಾಗೇ ಅಳೆಯಿರಿ. ಜರ್ನಲ್ ಎಂದರೆ ಬೇರಿಂಗ್ ಕೂರುವ ನುಣುಪು ಭಾಗ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಅಳೆಯಿರಿ, ಹಿಂದಿನ ರಾತ್ರಿಯಿಂದ ಬ್ಲಾಕ್ ಮತ್ತು ಗೇಜ್ ಒಂದೇ ಕೋಣೆಯಲ್ಲಿರಲಿ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಅಂಗಳದಲ್ಲಿ ಕಾದ ಬ್ಲಾಕನ್ನು ಒಳಗಿನ ತಣ್ಣನೆ ಗೇಜಿನಿಂದ ಅಳೆದರೆ ಒಂದು ಥೌ ಅಲ್ಲೇ ತಪ್ಪುತ್ತದೆ.

ಹೆಡ್ ಬಾಗಿದೆಯೇ ನೋಡಲು ಸ್ಟ್ರೇಟ್ ಎಡ್ಜ್ ಇಟ್ಟು ಕೆಳಗೆ ಫೀಲರ್ ತೂರಿಸಿ. 4 ಥೌ ಹೋದರೆ ಫೇಸಿಂಗ್, ಅಂದರೆ ಮಷಿನ್ನಿನಲ್ಲಿ ಹೆರೆದು ಸಮ ಮಾಡುವುದು, ಬೇಕು. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಹೆಡ್ ಉಜ್ಜಿ ಸಮ ಮಾಡುವವರನ್ನು ನೋಡಿದ್ದೇನೆ. ಕಲ್ಲು ಒಳ್ಳೆಯದೇ, ಆದರೆ ಅಷ್ಟು ಸಮ ಇರುವುದಿಲ್ಲ. ಫೇಸಿಂಗ್ ಕೂಡ ಎಷ್ಟು ಬೇಕೋ ಅಷ್ಟೇ. ಜಾಸ್ತಿ ತೆಗೆದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುವ ಅಪಾಯವಿದೆ.

ಮಷಿನ್ ಶಾಪಿನಲ್ಲಿ ಮೂರು ವಿಷಯ ಹೇಳಿ. ಒಂದು, ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಮಾಡಲಿ. ಡಬ್ಬಿಯ ಮೇಲೆ 20 ಸೈಜ್ ಎಂದಿದ್ದರೆ ಅದು 20 ಥೌ ದೊಡ್ಡದು, ಆದರೂ ಡಬ್ಬಿ ನಂಬಿ ಕೊರೆಯುವುದು ಬೇಡ. ಈ ಮೊದಲೇ ದೊಡ್ಡ ಸೈಜಿಗೆ ಹೋಗಿದ್ದರೆ ಹೊಸ ಲೈನರ್ (ಸಿಲಿಂಡರಿನ ಒಳ ಕೊಳವೆ) ಹಾಕಿಸಿ. ಎರಡು, ಕೊನೆಗೆ ಹೋನಿಂಗ್ ಬೇಕು. ಅಂದರೆ ಬೋರಿನ ಗೋಡೆಯ ಮೇಲೆ ಚಾಪೆ ಹೆಣಿಗೆಯಂಥ ಓರೆ ಗೆರೆಗಳು ಬರಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಮೂರು, ಪಂಪ್ ಮತ್ತು ನಾಝಲ್ ಕ್ಯಾಲಿಬ್ರೇಶನ್. ಹಳೆ ನಾಝಲ್ ಡೀಸೆಲ್ ಸುರಿದರೆ ಹೊಸ ಬೋರಿನ ಗೋಡೆಯ ಆಯಿಲ್ ತೊಳೆದುಹೋಗುತ್ತದೆ.

ಮುಂಗಾರು ಬಿತ್ತನೆಗೆ ಮೊದಲು ಈ ಶಾಪ್‌ಗಳ ಮುಂದೆ ಟ್ರ್ಯಾಕ್ಟರ್ ಬ್ಲಾಕ್‌ಗಳ ಸಾಲು ಇರುತ್ತದೆ. ಆಗ ಕೊಟ್ಟರೆ ಕಾಯಬೇಕು, ಕೆಲಸವೂ ಓಡೋಡಿ ಆಗುತ್ತದೆ. ಇಲ್ಲಿ ಸಿಗದ ಬಿಡಿಭಾಗಕ್ಕೆ ಸೊಲ್ಲಾಪುರ ಅಥವಾ ಹೈದರಾಬಾದ್. ಹಳೆ ಭಾಗ ಕೈಯಲ್ಲಿ ಹಿಡಿದೇ ಹೋಗಿ.

ಹಂತ 6: ತೊಳೆಯುವುದು

ಬ್ಲಾಕ್ ವಾಪಸ್ ಬಂದಾಗ ಹೊಳೆಯುತ್ತಿರುತ್ತದೆ. ಸ್ವಚ್ಛ ಅಲ್ಲ. ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳಲ್ಲಿ ಕೂತಿರುತ್ತದೆ. ಡೀಸೆಲ್‌ನಿಂದ ಒರೆಸಿದರೆ ಅದು ಹೋಗುವುದಿಲ್ಲ. ಬಿಸಿ ನೀರು, ಸೋಪಿನ ಪುಡಿ, ಬ್ರಷ್ ಹಿಡಿದು ಪಾತ್ರೆ ತಿಕ್ಕಿದಂತೆ ತಿಕ್ಕಿ. ಒಣಗಿಸಿ ಆಯಿಲ್ ಸವರಿ, ಬಿಳಿ ಬಟ್ಟೆಯಿಂದ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು. ನನಗೆ ನಾಲ್ಕನೇ ಸಲಕ್ಕೆ ಬಟ್ಟೆ ಬಿಳಿಯಾಗಿ ಬಂದಿದೆ, ಅದಕ್ಕಿಂತ ಬೇಗ ಯಾವತ್ತೂ ಬಂದಿಲ್ಲ. ತೊಳೆದ ಕೂಡಲೇ ಆಯಿಲ್ ಸವರಿ. ಹತ್ತು ನಿಮಿಷ ಬಿಟ್ಟರೂ ತುಕ್ಕಿನ ಛಾಯೆ ಬರುತ್ತದೆ.

ಆಯಿಲ್ ಓಡುವ ರಂಧ್ರಗಳಿಗೆ ಉದ್ದ ಬ್ರಷ್ ಹಾಕಿ, ಆಮೇಲೆ ಗಾಳಿ ಹೊಡೆಯಿರಿ. ಬನಿಯನ್ ವೇಸ್ಟ್ ಬಳಸಬೇಡಿ. ನನ್ನ ಮೊದಲ ಎಂಜಿನ್ನಿನಲ್ಲಿ ಅದರ ಒಂದು ದಾರದ ಎಳೆ ವಾಲ್ವ್ ಒತ್ತುವ ರಾಕರ್‌ಗಳ ಶಾಫ್ಟಿಗೆ ಆಯಿಲ್ ಹೋಗುವ ತೂತಿನಲ್ಲಿ ಸಿಕ್ಕಿಕೊಂಡಿತ್ತು. ಸ್ಟಾರ್ಟ್ ಆದ ಹತ್ತೇ ನಿಮಿಷಕ್ಕೆ ಹೊಲಿಗೆ ಮಷಿನ್ ಥರ ಟಕಟಕ ಸದ್ದು.

ಹಂತ 7: ಜೋಡಿಸುವುದು

ಮೊದಲು ಕ್ರ್ಯಾಂಕ್. ಬೇರಿಂಗ್ ಚಿಪ್ಪಿನ ಹಿಂಭಾಗ ಒಣಗಿರಬೇಕು, ಮುಂಭಾಗಕ್ಕೆ ಧಾರಾಳ ಆಯಿಲ್. ಚಿಪ್ಪಿನ ತೂತು ಬ್ಲಾಕಿನ ಆಯಿಲ್ ತೂತಿಗೆ ಸರಿಯಾಗಿ ಕೂತಿದೆಯೇ ಒಂದೊಂದನ್ನೂ ನೋಡಿ. ಸಂದಿ ಅಳೆಯಲು ಪ್ಲಾಸ್ಟಿಗೇಜ್ ಸಿಗುತ್ತದೆ. ಮೇಣದ ಎಳೆಯಂಥದ್ದು. ಒಣ ಜರ್ನಲ್ ಮೇಲಿಟ್ಟು ಕ್ಯಾಪ್ ಟೈಟ್ ಮಾಡಿ ಬಿಚ್ಚಿದರೆ ಎಷ್ಟು ಅಗಲ ಒತ್ತಿತು ಎಂಬುದರಿಂದ ಸಂದಿ ತಿಳಿಯುತ್ತದೆ. ಜರ್ನಲ್ ದಪ್ಪದ ಪ್ರತಿ ಇಂಚಿಗೆ ಸುಮಾರು ಒಂದು ಥೌ ಎನ್ನುವುದು ಅಂದಾಜು ಲೆಕ್ಕ. ಪ್ರತಿ ಕ್ಯಾಪ್ ಟೈಟ್ ಮಾಡಿದಾಗಲೂ ಕ್ರ್ಯಾಂಕ್ ತಿರುಗಿಸಿ ನೋಡಿ. ಯಾವ ಕ್ಯಾಪಿಗೆ ಬಿಗಿಯಿತೋ ತಪ್ಪು ಅಲ್ಲೇ ಇದೆ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರೀ ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ಸಂದಿ ಅಳೆಯಿರಿ. ಬೋರಿನ ಪ್ರತಿ ಇಂಚಿಗೆ ಸುಮಾರು 4 ಥೌ. ನಮ್ಮ ಮೂರೂವರೆ ಇಂಚಿನ ಬೋರಿಗೆ 14 ಥೌ, ಅಂದರೆ 0.35 ಮಿ.ಮೀ. ಆಸುಪಾಸು. "ಹೊಸ ರಿಂಗ್ ಅದ, ಏನ್ ಅಳೀತೀರಿ" ಎಂದು ನಗುವವರಿದ್ದಾರೆ. ನಗಲಿ. ಸಂದಿ ಕಡಿಮೆ ಇದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ತಾಗಿ ಬೋರ್ ಗೀರುತ್ತವೆ.

ರಿಂಗ್‌ಗಳ ಬಾಯಿ ಒಂದೇ ಸಾಲಿಗೆ ಬರದಂತೆ ಸುತ್ತ ಹಂಚಿ. ಪಿಸ್ಟನ್ ತಲೆಯ ಬಾಣ ಅಥವಾ ಗುರುತು ಯಾವ ಕಡೆ ಇರಬೇಕೆಂದು ಮ್ಯಾನುಯಲ್ ನೋಡಿ. ಟೈಮಿಂಗ್ ಗೇರ್‌ಗಳ ಗುರುತು ಕೂಡಿಸಿ ಫೋಟೊ ತೆಗೆಯಿರಿ.

ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಟೈಟ್ ಮಾಡಿ. ತೂತುಗಳಲ್ಲಿ ಆಯಿಲ್, ನೀರು ನಿಂತಿರಬಾರದು. ನಿಂತಿದ್ದರೆ ಬೋಲ್ಟ್ ಇಳಿಯುವಾಗ ಒತ್ತಡಕ್ಕೆ ಬ್ಲಾಕ್ ಸೀಳುತ್ತದೆ. ಕೊನೆಗೆ ಟ್ಯಾಪೆಟ್.

ಹಂತ 8: ಕೂರಿಸುವುದು

ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಮೌಂಟಿಂಗ್ ರಬ್ಬರ್ ಬದಲಿಸಿ. ಇವಕ್ಕಾಗಿ ಮತ್ತೆ ಎಂಜಿನ್ ಇಳಿಸುವುದು ಯಾರಿಗೂ ಬೇಡ. ಕ್ಲಚ್ ಪ್ಲೇಟ್ ಮಧ್ಯಕ್ಕೆ ತರಲು ಹಳೆ ಗೇರ್‌ಬಾಕ್ಸ್ ಶಾಫ್ಟ್ ಸಿಕ್ಕರೆ ಉತ್ತಮ, ಇಲ್ಲದಿದ್ದರೆ ಬಡಗಿಯಿಂದ ಕಟ್ಟಿಗೆಯದು ಮಾಡಿಸಿ.

ಶಾಫ್ಟ್ ಒಳಹೋಗದೆ ಸತಾಯಿಸಿದರೆ ಗೇರಿಗೆ ಹಾಕಿ, ಮುಂದಿನ ಪುಲ್ಲಿಯನ್ನು ಪಾನಾದಿಂದ ನಿಧಾನಕ್ಕೆ ತಿರುಗಿಸಿ. ಹಲ್ಲು ಕೂಡಿದ ಕೂಡಲೇ ತಾನೇ ಜಾರುತ್ತದೆ. ಬ್ಲಾಕ್ ಮತ್ತು ಬೆಲ್ ಹೌಸಿಂಗ್ ನಡುವೆ ಸಂದಿ ಇರುವಾಗ ಬೋಲ್ಟ್ ಹಾಕಿ ಎಳೆದು ಕೂಡಿಸಬೇಡಿ. ಈ ಹಂತದಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು ಇದೇ. ಹೌಸಿಂಗ್ ಕಿವಿ ಮುರಿಯುತ್ತದೆ.

ಚಾಸಿಯಿಂದ ಎಂಜಿನ್ನಿಗೆ ಬರುವ ಅರ್ಥ್ ಪಟ್ಟಿ ಮರೆಯಬೇಡಿ. ಅದಿಲ್ಲದೆ ಸೆಲ್ಫ್ ಹೊಡೆದರೆ ಕರೆಂಟು ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿದು, ಕೇಬಲ್ ಸುಟ್ಟು ಕೂರುತ್ತದೆ.

ಥರ್ಮೋಸ್ಟಾಟ್ ಬಗ್ಗೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ ಇದು. "ನಮ್ಮ ಬಿಸಿಲಿಗೆ ಇದು ಬ್ಯಾಡ್ರಿ, ತಗದ್ ಒಗೀರಿ" ಎನ್ನುವ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಹೊರಗೆ 43 ಡಿಗ್ರಿ ಇದ್ದರೂ ಎಂಜಿನ್ನಿಗೆ ಅದು ತಣ್ಣಗೇ. 80 ಡಿಗ್ರಿ ಮುಟ್ಟದ ಎಂಜಿನ್ ಡೀಸೆಲ್ ಸರಿಯಾಗಿ ಸುಡುವುದಿಲ್ಲ, ಬೋರೂ ಬೇಗ ಸವೆಯುತ್ತದೆ. ಹೊಸದು ಹಾಕಿ. ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಮಾತ್ರ. ದಾರಿಯಲ್ಲಿ ಕಡಿಮೆಯಾದರೆ ಹಾಕಲು ಒಂದು ಕ್ಯಾನ್ ಗಾಡಿಯಲ್ಲೇ ಇರಲಿ, ಹೊಲದ ಬೋರ್ ನೀರಿನ ಆಸೆ ಬೇಡ. ಏರ್ ಕ್ಲೀನರಿನ ರಬ್ಬರ್ ಪೈಪು, ಕ್ಲಿಪ್ಪು ಎರಡೂ ಹೊಸದಿರಲಿ.

ಹಂತ 9: ಮೊದಲ ಸ್ಟಾರ್ಟ್

15ಡಬ್ಲ್ಯು-40 ಡೀಸೆಲ್ ಆಯಿಲ್ ತುಂಬಿ. ಡೀಸೆಲ್ ಬಂದ್ ಮಾಡಿ, ಹತ್ತತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಆಮೇಲೆ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕ ಗಾಳಿ, ತೆಗೆಯಿರಿ. ಫೀಡ್ ಪಂಪಿನ ಕೈ ಒತ್ತುತ್ತಾ ಮೊದಲು ಡೀಸೆಲ್ ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ ಸಡಿಲಿಸಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಟೈಟ್ ಮಾಡಿ. ಕೊನೆಗೆ ನಾಝಲ್ ಪೈಪುಗಳ ನಟ್ಟು. ಚಿಮ್ಮುವ ಡೀಸೆಲ್‌ಗೆ ಕೈ ಒಡ್ಡಬೇಡಿ, ಆ ಒತ್ತಡಕ್ಕೆ ಅದು ಚರ್ಮದೊಳಗೆ ತೂರುತ್ತದೆ. ಪೈಪುಗಳು ಅದಲುಬದಲಾಗಿಲ್ಲ ತಾನೇ ನೋಡಿ. ಡಿಐ ಎಂಜಿನ್ ಉರಿಯುವ ಕ್ರಮ 1-3-4-2. ಪೂಜೋ ಎಂಜಿನ್ನಿಗೆ ಹೀಟರ್ ಪ್ಲಗ್ ಕಾಯಲು ಸಮಯ ಕೊಡಿ.

ಎಚ್ಚರ: ಪಂಪ್ ತಪ್ಪಾಗಿ ಜೋಡಿಸಿದ್ದರೆ ಡೀಸೆಲ್ ಎಂಜಿನ್ ಹಿಡಿತ ಬಿಟ್ಟು ರೇಸ್ ಆಗುತ್ತದೆ, ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ. ಏರ್ ಪೈಪ್ ಕಳಚಿಟ್ಟು, ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಮುಚ್ಚುವಷ್ಟು ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಕೈಯಿಂದ, ಬಟ್ಟೆಯಿಂದ ಮುಚ್ಚಲು ಹೋಗಬೇಡಿ.

ಹಿಡಿದ ಮೇಲೆ ತಾಸುಗಟ್ಟಲೆ ಸ್ಲೋನಲ್ಲಿ ಬಿಡಬೇಡಿ. ರನ್ನಿಂಗ್-ಇನ್ ಎಂದರೆ ಸ್ಲೋನಲ್ಲಿ ನಿಲ್ಲಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ಮಾಡಿದರೆ ಬೋರ್ ಗಾಜಿನಂತೆ ನುಣುಪಾಗಿ, ರಿಂಗ್ ಕೂರುವುದೇ ಇಲ್ಲ. ಲೀಕ್ ನೋಡಿಕೊಂಡು, ಎಂಜಿನ್ ಬಿಸಿಯಾದ ಕೂಡಲೇ ರಸ್ತೆಗೆ ತನ್ನಿ. ರಿಂಗ್ ರಸ್ತೆ ಒಂದು ಸುತ್ತು, ಸರಿಯಿದ್ದರೆ ಜೇವರ್ಗಿ ತನಕ ಹೋಗಿ ಬನ್ನಿ. ಹಾಫ್ ಥ್ರಾಟಲ್ ದಾಟದೆ ವೇಗ ಏರಿಸುವುದು, ಇಳಿಸುವುದು ಮಾಡುತ್ತಿರಿ. ಟಾಪ್ ಗೇರಿನಲ್ಲಿ ಗುಮ್ಮ್ ಎನ್ನಿಸಬೇಡಿ, ಗೇರ್ ಇಳಿಸಿ. ಮನೆಗೆ ಬಂದು ಪೂರ್ತಿ ತಣ್ಣಗಾದ ಮೇಲೆ ಮ್ಯಾನುಯಲ್ ಹೇಳಿದ್ದರೆ ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಿ, ಟ್ಯಾಪೆಟ್ ನೋಡಿ.

500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಅಲ್ಲಿಯವರೆಗೆ ಫೋರ್ ವೀಲ್ ಹಾಕಿ ಕೆಸರಿಗಿಳಿಯುವುದು, ಟ್ರಾಲಿ ಎಳೆಯುವುದು, ಚಿಂಚೋಳಿ ಕಾಡಿನ ಕಡೆ ಏರುದಾರಿ ಹಿಡಿಯುವುದು ಬೇಡ. ಬಸಿದ ಆಯಿಲ್‌ನಲ್ಲಿ ಮ್ಯಾಗ್ನೆಟ್ ಆಡಿಸಿ ನೋಡಿ. ಬೂದಿಯಂಥ ಸಣ್ಣ ಪುಡಿ ಹತ್ತಿದರೆ ಹೆದರಬೇಡಿ, ಹೊಸ ರಿಂಗ್ ಕೂರುವಾಗ ಬರುವುದೇ ಅದು. ಬೆರಳ ನಡುವೆ ತಿಕ್ಕಿದಾಗ ಚುಚ್ಚುವ ಚೂರು ಸಿಕ್ಕರೆ ಗಾಡಿ ಎತ್ತಿ ನಿಲ್ಲಿಸಿ, ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ.